ಸನಾದಿಯ ಮನೆಗೆ ಬಂದ ಕ್ಲಾರಿಯೋನೆಟ್

ವಾಜಂತ್ರಿ ಇಲ್ಲದ ಮದುವೆ ವಿಜಯಪುರ ಜಿಲ್ಲೆಯ ಗೊಳಸಂಗಿ ಸೀಮೆಯಲ್ಲಿ ಮದುವೆಯೆನಿಸುತ್ತಿರಲಿಲ್ಲ. ಸುರಿಗೆ ಸುತ್ತುವಾಗ, ಅಕ್ಕಿಕಾಳು ಬೀಳುವಾಗ, ಬೀಗರನ್ನು ಎದುರುಗೊಳ್ಳುವಾಗ ಊದುವವರು ಊದಲೇಬೇಕು. ಈ ಕಸುಬಿನ ಮನೆತನಗಳಿಗೆ ಭಜಂತ್ರಿ ಎಂಬುದೇ ಅಡ್ಡಹೆಸರಾಗಿ ನಿಂತಿದೆ. ಅವರ ಕೈಯಲ್ಲಿದ್ದ ವಾದ್ಯ ಸನಾದಿ, ಅಂದರೆ ಶಹನಾಯಿ. ಅದರ ಪಕ್ಕದಲ್ಲಿ ಕರಿಮೈಯ, ಬೆಳ್ಳಿಬಣ್ಣದ ಕೀಗಳ ಇನ್ನೊಂದು ವಾದ್ಯ ಬಂದು ಕೂತದ್ದು ಬಹಳ ಹಿಂದಿನ ಮಾತಲ್ಲ. ಪುಸ್ತಕದಲ್ಲಿ ಅದರ ಹೆಸರು ಕ್ಲಾರಿಯೋನೆಟ್, ಜನರ ಬಾಯಲ್ಲಿ ಕ್ಲಾರ್ನೆಟ್.

ಊದುವ ವಾದ್ಯಕ್ಕೆ ಈ ಜಿಲ್ಲೆ ಕೊಟ್ಟ ಮರ್ಯಾದೆ ಹಳೆಯದು. ವಿಜಯಪುರದ ಗೋಲಗುಮ್ಮಟದ ಎದುರಿಗೆ ಇರುವ, ಈಗ ವಸ್ತುಸಂಗ್ರಹಾಲಯವಾಗಿರುವ ಕಟ್ಟಡ ಒಂದು ಕಾಲದ ನಗಾರಖಾನೆ. ಹೊತ್ತುಹೊತ್ತಿಗೆ ನಗಾರಿಯ ಜೊತೆಗೆ ಶಹನಾಯಿ ನುಡಿಯುವುದು ಇಂಥ ನಗಾರಖಾನೆಗಳ ವಾಡಿಕೆ. 1580ರಿಂದ 1627ರವರೆಗೆ ಆಳಿದ ಎರಡನೇ ಇಬ್ರಾಹಿಂ ಆದಿಲ್‌ಶಾಹ ಸಂಗೀತದ ಹುಚ್ಚಿನಲ್ಲಿ ‘ಕಿತಾಬ್-ಎ-ನೌರಸ್’ ಬರೆದ, ನೌರಸಪುರವೆಂಬ ಊರನ್ನೇ ಕಟ್ಟಿಸಲು ಹೊರಟ. ಅರಮನೆ ಹೋಯಿತು. ಸನಾದಿ ಮಾತ್ರ ಗುಡಿಯ ಬಾಗಿಲಿಗೆ, ಹಂದರದ ಕೆಳಗೆ, ಕರಡಿ ಮಜಲಿನ ಮೇಳಕ್ಕೆ ಬಂದು ಉಳಿಯಿತು.

ಕ್ಲಾರಿಯೋನೆಟ್ ಹುಟ್ಟಿದ್ದು ಜರ್ಮನಿಯ ನ್ಯೂರೆಂಬರ್ಗಿನಲ್ಲಿ. ಸುಮಾರು 1700ರಲ್ಲಿ ಯೋಹಾನ್ ಕ್ರಿಸ್ಟೋಫ್ ಡೆನ್ನರ್ ಎಂಬ ವಾದ್ಯ ತಯಾರಕ ಶಾಲ್ಯುಮೊ ಎಂಬ ಹಳೆಯ ಪೀಪಿಯನ್ನು ತಿದ್ದಿ ಇದನ್ನು ರೂಪಿಸಿದನೆಂದು ಹೇಳುತ್ತಾರೆ. ಮೊಜಾರ್ಟ್ ತಾನು ತೀರಿಕೊಂಡ 1791ರಲ್ಲೇ ಇದಕ್ಕಾಗಿ ಒಂದು ಕಾನ್ಸರ್ಟೊ ಬರೆದ. ಆ ಹೊತ್ತಿಗೆ ಯುರೋಪಿನ ಪಲ್ಟಣಗಳ ಬ್ಯಾಂಡಿನಲ್ಲಿ ಕ್ಲಾರಿಯೋನೆಟ್ ಮುಖ್ಯ ವಾದ್ಯವಾಗಿತ್ತು. ಹಿಂದುಸ್ತಾನಕ್ಕೂ ಅದು ಬಂದದ್ದು ಸಿಪಾಯಿಗಳ ಹೆಜ್ಜೆಯ ಜೊತೆಗೇ. ಮೀರಠಿನಲ್ಲಿ ನಾದಿರ್ ಅಲಿ ಎಂಬ ಬ್ಯಾಂಡ್ ಮಾಸ್ತರ 1885ರಲ್ಲಿ ಶುರುಮಾಡಿದ ವ್ಯಾಪಾರ ಮುಂದೆ ಕಾರಖಾನೆಯಾಗಿ ಬೆಳೆಯಿತು. ಬ್ಯಾಂಡಿನ ವಾದ್ಯಗಳು ಈ ದೇಶದಲ್ಲೇ ತಯಾರಾಗತೊಡಗಿದ ಮೇಲೆ ಮದುವೆ ಬ್ಯಾಂಡಿನವರ ಕೈಗೂ ಅವು ಎಟುಕಿದವು.

ಗೊಳಸಂಗಿಯ ಕಡೆಗೆ ಹೊಸ ನಾದ ಹರಿದು ಬರಲು ರೈಲಿನ ಹಾದಿಯೂ ತೆರೆದಿತ್ತು. ಸೊಲ್ಲಾಪುರದ ಹತ್ತಿರದ ಹೊಟಗಿಯಿಂದ ವಿಜಯಪುರ, ಬಾಗಲಕೋಟೆ ದಾಟಿ ಗದಗಿನವರೆಗೆ 1884ರಲ್ಲಿ ಮೀಟರ್ ಗೇಜ್ ಹಳಿ ಬಿತ್ತು. ಹಳಿಯ ಆ ತುದಿಯಲ್ಲಿ ಮರಾಠಿ ಸಂಗೀತ ನಾಟಕದ ನಾಡು, ಈ ತುದಿಯಲ್ಲಿ ನಾಟಕಕಾರ ಗರೂಡ ಸದಾಶಿವರಾಯರ ಗದಗು. ಪರದೆ, ಪೆಟ್ಟಿಗೆ, ಪೇಟಿ ಹೇರಿಕೊಂಡು ಊರಿಂದೂರಿಗೆ ಹೋಗುವ ನಾಟಕ ಕಂಪನಿಗಳಿಗೆ ಈ ಹಾದಿ ವರವಾಯಿತು. ಜಾತ್ರೆ ಎಲ್ಲಿಯೋ ಕಂಪನಿಯ ಕ್ಯಾಂಪು ಅಲ್ಲಿ: ಸಂಕ್ರಮಣಕ್ಕೆ ವಿಜಯಪುರದ ಸಿದ್ಧೇಶ್ವರ, ಬನದ ಹುಣ್ಣಿಮೆಗೆ ಬಾದಾಮಿಯ ಬನಶಂಕರಿ, ಶ್ರಾವಣಕ್ಕೆ ಬಸವನ ಬಾಗೇವಾಡಿ.

ಕಂಪನಿ ನಾಟಕದ ರಂಗದ ಮುಂದಿನ ಗುಂಡಿಯಲ್ಲಿ ಕಾಲುಪೇಟಿ, ತಬಲಾ ಇರುತ್ತಿದ್ದವು, ಜೊತೆಗೆ ಕ್ಲಾರಿಯೋನೆಟ್. ಮೈಕು ಇಲ್ಲದ ಕಾಲ ಅದು. ತಗಡಿನ ಥೇಟರಿನಲ್ಲಿ ಕಟ್ಟಕಡೆಗೆ ನೆಲದ ಮೇಲೆ ಕೂತವನಿಗೂ ರಂಗಗೀತೆಯ ಎತ್ತುಗಡೆ ಕೇಳಬೇಕಾಗಿತ್ತು. ಪೇಟಿಯ ಸ್ವರ ತುಂಡುತುಂಡಾಗಿ ನಿಲ್ಲುತ್ತದೆ, ಕ್ಲಾರಿಯೋನೆಟ್ ಆ ತುಂಡುಗಳ ನಡುವಿನ ಸಂದನ್ನು ಉಸಿರಿನಿಂದ ತುಂಬುತ್ತದೆ. ನಟ ಹಾಡಿ ದಣಿದು ಉಸಿರು ತಗೊಳ್ಳುವಷ್ಟರಲ್ಲಿ ಅದೇ ಸಾಲನ್ನು ಎತ್ತಿಕೊಂಡು ತಿರುಗಿಸಿ ಕೊಡುತ್ತದೆ. ಜನ ‘ಒನ್ಸ್ ಮೋರ್’ ಎಂದು ಕೂಗಿದ ಎಷ್ಟೋ ಹಾಡುಗಳಲ್ಲಿ ಅರ್ಧ ಪಾಲು ಕೆಳಗೆ ಕತ್ತಲಲ್ಲಿ ಕೂತವನದೇ ಆಗಿತ್ತೆಂದು ಧೈರ್ಯವಾಗಿ ಹೇಳಬಹುದು. ಹ್ಯಾಂಡ್‌ಬಿಲ್ಲಿನಲ್ಲಿ ಅವನ ಹೆಸರು ಹುಡುಕಿದರೂ ಸಿಗುವುದು ಅಪರೂಪ.

ಸನಾದಿ ಊದುತ್ತಿದ್ದವರಿಗೆ ಇದು ಸುಲಭದ ಪಲ್ಲಟವೆನಿಸೀತು. ಹಾಗೇನಿಲ್ಲ. ಸನಾದಿಯ ಕೊಳವೆ ಮೇಲೆ ಸಣ್ಣ, ಕೆಳಗೆ ಅಗಲ. ಬಾಯಲ್ಲಿ ಜೋಡಿ ಎಸಳಿನ ಪೀಪಿ. ಬಿಗಿಯಾಗಿ ಊದಿದರೆ ಅದೇ ಬೆರಳಿಗೆ ಮೇಲಿನ ಸಪ್ತಕದ ಅದೇ ಸ್ವರ ಬರುತ್ತದೆ. ಕ್ಲಾರಿಯೋನೆಟ್ಟಿನ ಕೊಳವೆ ಬಹುಪಾಲು ಒಂದೇ ಅಳತೆಯದು, ಕಟ್ಟಿದ ರೀಡು ಒಂದೇ. ಹೆಬ್ಬೆರಳ ಕೀ ಒತ್ತಿ ಮೇಲಕ್ಕೇರಿದರೆ ಷಡ್ಜ ಹಿಡಿದ ಬೆರಳಿಗೆ ಮೇಲಿನ ಸಪ್ತಕದ ಪಂಚಮ ನುಡಿಯುತ್ತದೆ. ಅಂದರೆ ಕೆಳಗೆ ಕಲಿತ ಬೆರಳು ಮೇಲೆ ನಡೆಯದು, ಒಂದೇ ರಾಗವನ್ನು ಎರಡು ಸಲ ಕಲಿಯಬೇಕು. ಅಷ್ಟು ಕಷ್ಟಪಟ್ಟವನಿಗೆ ಮೂರು ಸಪ್ತಕಕ್ಕೂ ಮಿಕ್ಕ ಹರವು ಸಿಗುತ್ತದೆ, ತಳದಲ್ಲಿ ಸನಾದಿಗೆ ಎಂದೂ ಎಟುಕದ ಗಂಭೀರ ಮಂದ್ರ ಸಿಗುತ್ತದೆ. ಸ್ವರಲಿಪಿ ಕಾಣದೆ, ಬರೀ ಕಿವಿಯ ಮೇಲೆ ಇದನ್ನು ವಶಮಾಡಿಕೊಂಡ ಹಳ್ಳಿಯ ಕಲಾವಿದರ ಸಾಧನೆಗೆ ಇನ್ನೂ ತಕ್ಕ ಬೆಲೆ ಸಂದಿಲ್ಲ.

ದಕ್ಷಿಣದಲ್ಲಿ ಈ ವಾದ್ಯದ ಕಥೆ ಬೇರೆ. ತಮಿಳುನಾಡಿನ ಸದಿರ್ ನಾಟ್ಯದ ಮೇಳಕ್ಕೆ 19ನೇ ಶತಮಾನದಲ್ಲೇ ಅದು ಸೇರಿತು. ಎ.ಕೆ.ಸಿ. ನಟರಾಜನ್ ಅದರಲ್ಲಿ ನಾಗಸ್ವರದ ಗಮಕಗಳನ್ನೇ ಹೊರಡಿಸಿದಾಗ ನಾಗಸ್ವರ ವಿದ್ವಾನ್ ಟಿ.ಎನ್. ರಾಜರತ್ನಂ ಪಿಳ್ಳೈಯವರೇ ನಟರಾಜನ್ ಅವರನ್ನು ‘ಕ್ಲಾರಿಯೋನೆಟ್ ಎವರೆಸ್ಟ್’ ಎಂದು ಕರೆದರು. ಮೈಸೂರಿನಲ್ಲಿ ಅರಮನೆಯ ಬ್ಯಾಂಡಿತ್ತು. ಅದೇ ಅರಮನೆ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನಿಗೆ ನಾಗಸ್ವರದ ಮನೆಯ ಹುಡುಗ ಕದ್ರಿ ಗೋಪಾಲನಾಥ್ ಮನಸೋತರು. ಸ್ಯಾಕ್ಸೊಫೋನು ಕ್ಲಾರಿಯೋನೆಟ್ಟಿನ ತಮ್ಮನೇ, ರೀಡು ಅದೇ ಜಾತಿಯದು. ಉತ್ತರ ಕರ್ನಾಟಕದ ಸನಾದಿಗೆ 1977ರ ‘ಸನಾದಿ ಅಪ್ಪಣ್ಣ’ ಚಿತ್ರದಲ್ಲಿ ಬಿಸ್ಮಿಲ್ಲಾ ಖಾನರ ಉಸಿರು ಸಿಕ್ಕಿತು. ಕ್ಲಾರಿಯೋನೆಟ್ಟಿಗೆ ಅಂಥದೊಂದು ಸಿನಿಮಾ ಬರಲಿಲ್ಲ.

ಈಗ ಜಾತ್ರೆಯ ನಾಟಕದ ಗುಂಡಿಯಲ್ಲಿ ಕೀಬೋರ್ಡ್ ಕೂತಿದೆ. ಒಬ್ಬ ಮಾಸ್ತರನ ಸಂಬಳದಲ್ಲಿ ಇಡೀ ಮೇಳ ನಡೆಯುತ್ತದೆ, ಕಂಪನಿಯ ಕಷ್ಟ ನೋಡಿದರೆ ತಪ್ಪು ಹೇಳುವಂತಿಲ್ಲ. 1991ರಲ್ಲಿ ಜಗತ್ತಿನ ಕೀಬೋರ್ಡುಗಳಿಗೆಲ್ಲ ಒಪ್ಪಿತವಾದ 128 ನಾದಗಳ ಪಟ್ಟಿಯಲ್ಲಿ 72ನೆಯದು ಕ್ಲಾರಿಯೋನೆಟ್, 112ನೆಯದು ಶಹನಾಯಿ. ಗುಂಡಿ ಒತ್ತಿದರೆ ನಾದ ಬರುತ್ತದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವ ಮೀಂಡು ಹಾಗೆ ಬರುವುದಿಲ್ಲ.

ಆ ಮೀಂಡನ್ನು ಕ್ಲಾರಿಯೋನೆಟ್ಟಿನಲ್ಲಿ ನುಡಿಸಿದವರು ರಾಯಚೂರು ಜಿಲ್ಲೆಯ ವಡವಾಟಿಯ ಪಂಡಿತ ನರಸಿಂಹಲು. ಅವರು ಕಲಿತದ್ದು ವಾದ್ಯಗಾರರಲ್ಲದ, ಹಾಡುಗಾರರಾದ ಸಿದ್ಧರಾಮ ಜಂಬಲದಿನ್ನಿಯವರ ಬಳಿ. ಹಾಗಾಗಿ ಅವರ ವಾದನಕ್ಕೆ ಖಯಾಲಿನ ನಡೆ ಬಂತು: ಮಂದ್ರದಿಂದ ಅವಸರವಿಲ್ಲದೆ ಏಳುವ ಆಲಾಪ, ಆಮೇಲೆ ತಾನುಗಳು. ಸ್ವರ ಜಾರಿಸಬೇಕಾದರೆ ತೆರೆದ ರಂಧ್ರದ ಮೇಲಿಂದ ಬೆರಳನ್ನು ಒಮ್ಮೆಲೇ ಎತ್ತದೆ ಕೂದಲೆಳೆಯಷ್ಟು ಸರಿಸುತ್ತ ಹೋಗಬೇಕು, ಅದೇ ಹೊತ್ತಿಗೆ ರೀಡಿನ ಮೇಲೆ ತುಟಿಯ ಹಿಡಿತ ಸಡಿಲಬೇಕು. ಹಂದರದ ಕೆಳಗೆ ಸನಾದಿಯವರು ತಲೆಮಾರುಗಳಿಂದ ಬೆರಳಲ್ಲಿ ಕಾಪಾಡಿಕೊಂಡು ಬಂದದ್ದೂ ಇದೇ ಜಾರು.