ಲೂಗರ್ ಪಿಸ್ತೂಲಿನ ಮುದ್ರೆ: ಅಸಲಿ ಯಾವುದು, ನಕಲಿ ಯಾವುದು?

ಒಂದು ಕಿರೀಟ, ಒಂದು ಹದ್ದು, ಒಂದಿಷ್ಟು ಅಂಕಿ. ಹಳೆಯ ಜರ್ಮನ್ ಪಿಸ್ತೂಲಿನ ಬೆಲೆ ಹಲವು ಪಟ್ಟು ಏರಲು ಅಕ್ಕಿಕಾಳಿನಷ್ಟು ಚಿಕ್ಕದಾದ ಇಂಥ ಮುದ್ರೆಯೊಂದೇ ಸಾಕು. ನಕಲಿ ಅಚ್ಚು ಒತ್ತುವ ಕಸುಬು ಬೆಳೆದದ್ದೂ ಇದೇ ಕಾರಣಕ್ಕೆ.

ಜಾರ್ಜ್ ಲೂಗರ್ ರೂಪಿಸಿದ ಪಿಸ್ತೂಲನ್ನು ಜರ್ಮನಿಯ ನೌಕಾಪಡೆ 1904ರಲ್ಲಿ, ಭೂಸೇನೆ 1908ರಲ್ಲಿ ಸ್ವೀಕರಿಸಿದವು. ಬರ್ಲಿನ್‌ನ ಡಿಡಬ್ಲ್ಯುಎಂ ಕಂಪನಿ, ಎರ್ಫುರ್ಟ್‌ನ ಸರ್ಕಾರಿ ಕಾರ್ಖಾನೆ ಎರಡರಲ್ಲೂ ಅದು ತಯಾರಾಗುತ್ತಿತ್ತು. ಪರೀಕ್ಷಕರು ಭಾಗಗಳನ್ನು ನೋಡಿ ಕಿರೀಟದ ಕೆಳಗೊಂದು ಅಕ್ಷರವಿರುವ ಮುದ್ರೆ ಒತ್ತುತ್ತಿದ್ದರು. ಚಿಕ್ಕ ಭಾಗಗಳ ಮೇಲೆ ಕ್ರಮಸಂಖ್ಯೆಯ ಕೊನೆಯ ಎರಡು ಅಂಕಿ. ಹಿಡಿಯ ಮುಂಭಾಗದಲ್ಲಿ ‘10. ಆರ್. 5. 23.’ ಎಂದಿದ್ದರೆ ಹತ್ತನೇ ಪದಾತಿ ರೆಜಿಮೆಂಟಿನ ಐದನೇ ಕಂಪನಿಯ 23ನೇ ಆಯುಧ ಎಂದರ್ಥ.

ಹೊಸಬರಿಗೆ ಮೊದಲು ಸಂಶಯ ಹುಟ್ಟಿಸುವುದು ಎರಡು ಇಸವಿ ಹೊತ್ತ ಪಿಸ್ತೂಲು. ಕೆಳಗೆ 1917, ಮೇಲೆ 1920! ಆದರೆ ಇದು ಅಸಲಿಯೇ ಇರಬಹುದು. ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಸೇನೆಗೆ 1919ರ ವರ್ಸೇಲ್ಸ್ ಒಪ್ಪಂದ ಒಂದು ಲಕ್ಷದ ಮಿತಿ ಹಾಕಿತು. ಜನರ ಕೈಯಲ್ಲಿ ಉಳಿದಿದ್ದ ಸೇನಾ ಆಯುಧಗಳನ್ನು ಹಿಂದಕ್ಕೆ ಪಡೆಯುವಾಗ, ತನ್ನ ವಶದಲ್ಲಿರುವುದನ್ನು ಗುರುತಿಸಲು ಸರ್ಕಾರ 1920 ಎಂದು ಒತ್ತಿಸಿತು. ಅದು ತಯಾರಾದ ವರ್ಷವಲ್ಲ, ಒಡೆತನದ ಗುರುತು. ಮುಂದೆ ರಿಪೇರಿಗೆ ಹೋಗಿ ನಳಿಗೆ ಬದಲಾದರೆ ಕಿರೀಟದ ಪಕ್ಕ ನಾಜಿ ಕಾಲದ ಹದ್ದೂ ಬಂದು ಕೂರುತ್ತಿತ್ತು.

ಸಂಶಯ ಪಡಬೇಕಾದದ್ದು ಎಲ್ಲವೂ ತೀರಾ ಸರಿಯಾಗಿರುವಾಗಲೇ.

ಮೌಸರ್ ಕಂಪನಿ ತನ್ನ ಹೆಸರು ಮುಚ್ಚಿಟ್ಟು ‘ಎಸ್/42’ ಎಂದೂ, 1934ಕ್ಕೆ ‘ಕೆ’, 1935ಕ್ಕೆ ‘ಜಿ’ ಎಂದೂ ಸಂಕೇತ ಹಾಕುತ್ತಿತ್ತು. ‘ಬಿವೈಎಫ್’ ಬಂದದ್ದು 1941ರಲ್ಲಿ. ಇಸವಿ-ಸಂಕೇತ ತಪ್ಪಿಸಿದ ನಕಲಿಗಾರ ಅಲ್ಲೇ ಸಿಕ್ಕಿಬೀಳುತ್ತಾನೆ. ಓದಿಕೊಂಡವನನ್ನು ಹಿಡಿಯುವುದು ಭೂತಗನ್ನಡಿ. ಅಚ್ಚು ಹೊಡೆದಾಗ ಉಕ್ಕು ಸುತ್ತ ಉಬ್ಬುತ್ತದೆ. ಬಳಕೆಯಲ್ಲಿ ಆ ಅಂಚೂ ಸವೆಯುತ್ತದೆ. ಮೈಯೆಲ್ಲ ಸವೆದು ಮುದ್ರೆಯ ಅಂಚು ಮಾತ್ರ ಚೂಪಾಗಿದ್ದರೆ ಅದು ನಿನ್ನೆ ಮೊನ್ನೆಯದು.

ಹೆಚ್ಚು ನಕಲಿಗೆ ಗುರಿಯಾದುದು ಕ್ರೀಗ್‌ಹೋಫ್ ಕಂಪನಿಯ ಲೂಗರ್. 1930ರ ದಶಕದಲ್ಲಿ ಜರ್ಮನ್ ವಾಯುಪಡೆಯ ಗುತ್ತಿಗೆ ಇದ್ದದ್ದೇ 10,000ಕ್ಕೆ. ಸಾಧಾರಣ ಲೂಗರ್ ಒಂದರ ಗುರುತುಗಳನ್ನು ಅರದಿಂದ ತೇದು ಈ ಹೆಸರು ಒತ್ತುತ್ತಾರೆ. ತೇದ ಜಾಗ ತುಸು ತಗ್ಗಾಗಿರುವುದರಿಂದ ಮೋಸವೇನೋ ಬಯಲಾಗುತ್ತದೆ. ಆದರೆ ಆ ಪಿಸ್ತೂಲು ಮೊದಲು ಯಾವ ರೆಜಿಮೆಂಟಿನದಾಗಿತ್ತು ಎಂಬುದು ಅರದ ಪುಡಿಯ ಜತೆಗೇ ಹೋಗಿರುತ್ತದೆ.