ಮತವೂ ಮತಗಣನೆಯೂ

ಕನ್ನಡದಲ್ಲಿ ‘ಮತ’ವೆಂಬ ಮಾತಿಗೆ ಎರಡು ಅರ್ಥಗಳುಂಟು. ದೇವರ ವಿಷಯದಲ್ಲಿ ಒಂದು ಜನ ನಂಬಿ ನಡೆಯುವ ಮಾರ್ಗವೂ ಮತ. ಹಲವರಲ್ಲಿ ಒಬ್ಬನನ್ನು ಆರಿಸುವಾಗ ಪ್ರಜೆ ಸೂಚಿಸುವ ಒಲವೂ ಮತ. ಎರಡಕ್ಕೂ ಧಾತು ಒಂದೇ. ಎರಡರ ಮೂಲಾರ್ಥವೂ ಮನಸ್ಸಿನಿಂದ ಭಾವಿಸಿದುದು ಎಂಬುದೇ. ಒಂದೇ ಮಾತಿನೊಳಗೆ ನೆಲಸಿರುವ ಈ ಎರಡು ಅರ್ಥಗಳು ಪಾಶ್ಚಾತ್ಯ ದೇಶಗಳ ದೂರದರ್ಶನದ ಗಾಯನಸ್ಪರ್ಧೆಗಳಲ್ಲಿ ಒಂದಕ್ಕೊಂದು ಎದುರಾಗಿ ನಿಂತ ಸಂದರ್ಭ ಇಪ್ಪತ್ತೊಂದನೆಯ ಶತಮಾನದ ಆರಂಭದಲ್ಲಿ ಒದಗಿತು. ಜನರು ಹಾಡನ್ನು ಕೇಳಿ ಮತವಿತ್ತರು. ಮತಗಳ ಎಣಿಕೆ ಮುಗಿದ ಮೇಲೆ, ಇದು ಕಂಠಕ್ಕೆ ಸಂದ ಮತವೋ, ಗಾಯಕನ ಧರ್ಮಕ್ಕೆ ಸಂದ ಮತವೋ, ಅವನ ಎದುರಾಳಿಯ ಪ್ರೇಮದ ರೀತಿಗೆ ವಿರೋಧವಾಗಿ ಬಿದ್ದ ಮತವೋ ಎಂಬ ವಾದವೆದ್ದಿತು. ಆ ವಾದದಲ್ಲಿ ಒಂದು ಪಕ್ಷದವರು ಒಬ್ಬ ಗಾಯಕನನ್ನೂ ಮತ್ತೊಂದು ಪಕ್ಷದವರು ಒಂದು ಇಡೀ ಧಾರ್ಮಿಕ ಸಮಾಜವನ್ನೂ ಅಪರಾಧಿಯ ಸ್ಥಾನದಲ್ಲಿ ನಿಲ್ಲಿಸಿದರು. ಅಂಕಿಗಳು ಅಂತಹ ತೀರ್ಪನ್ನು ಕೊಡಬಲ್ಲವೆ ಎಂಬುದು ವಿಚಾರಾರ್ಹವಾದ ಪ್ರಶ್ನೆ.

೧

ಈ ಬಗೆಯ ಸ್ಪರ್ಧೆಗಳಲ್ಲಿ ಪ್ರಸಿದ್ಧವಾದುದು 2001ರಲ್ಲಿ ಬ್ರಿಟನ್ನಿನಲ್ಲಿ ಆರಂಭವಾದ ‘ಪಾಪ್ ಐಡಲ್’. ಹೆಸರಿಲ್ಲದ ತರುಣ ತರುಣಿಯರನ್ನು ಊರೂರುಗಳಿಂದ ಆರಿಸಿ ತಂದು, ವಾರಕ್ಕೊಮ್ಮೆ ಹಾಡಿಸಿ, ತೀರ್ಪುಗಾರರ ಮಾತನ್ನು ಕೇಳಿಸಿ, ಕೊನೆಯ ನಿರ್ಣಯವನ್ನು ಮನೆಯಲ್ಲಿ ಕುಳಿತ ಪ್ರೇಕ್ಷಕರ ಟೆಲಿಫೋನಿಗೆ ಬಿಡುವುದು ಅದರ ಕ್ರಮ. 2002ರ ಫೆಬ್ರವರಿಯಲ್ಲಿ ನಡೆದ ಅಂತಿಮ ಸ್ಪರ್ಧೆಯಲ್ಲಿ ಬಂದ ಸುಮಾರು 87 ಲಕ್ಷ ಮತಗಳಲ್ಲಿ 46 ಲಕ್ಷವನ್ನು ಪಡೆದು ವಿಲ್ ಯಂಗ್ ಎಂಬ ತರುಣನು ಗೆದ್ದನು. ಮುಂದಿನ ತಿಂಗಳಲ್ಲೇ ಆತನು ತಾನು ಸಲಿಂಗಪ್ರೇಮಿಯೆಂದು ಬಹಿರಂಗವಾಗಿ ತಿಳಿಸಿದನು.

ಅದೇ ವರ್ಷದ ಜೂನ್ ತಿಂಗಳಲ್ಲಿ ಈ ಪದ್ಧತಿ ‘ಅಮೆರಿಕನ್ ಐಡಲ್’ ಎಂಬ ಹೆಸರಿನಿಂದ ಅಟ್ಲಾಂಟಿಕ್ ಸಮುದ್ರವನ್ನು ದಾಟಿತು. 2003ರ ಅಂತಿಮ ಸ್ಪರ್ಧೆಯಲ್ಲಿ ಬಂದ ಸುಮಾರು 2 ಕೋಟಿ 40 ಲಕ್ಷ ಮತಗಳಲ್ಲಿ ರೂಬೆನ್ ಸ್ಟಡರ್ಡನು ಸುಮಾರು 1 ಲಕ್ಷ 34 ಸಾವಿರ ಮತಗಳ ಅಂತರದಿಂದ ಗೆದ್ದನು. ಸೋತವನು ಉತ್ತರ ಕೆರೊಲಿನಾದ ಕ್ಲೇ ಐಕನ್. ಬ್ಯಾಪ್ಟಿಸ್ಟ್ ಸಂಪ್ರದಾಯದಲ್ಲಿ ಬೆಳೆದು ಚರ್ಚಿನ ಗಾಯಕವೃಂದದಲ್ಲಿ ಹಾಡಿದವನು. ಇವನು ತನ್ನ ಸಲಿಂಗಪ್ರೇಮವನ್ನು ಪ್ರಕಟಪಡಿಸಿದುದು 2008ರಲ್ಲಿ.

ಈ ಎರಡು ನಿದರ್ಶನಗಳಲ್ಲಿಯೂ ಮತವಿತ್ತವರ ಮುಂದೆ ಆ ವಿಷಯ ಪ್ರಕಟವಾಗಿ ಇರಲಿಲ್ಲ. ಆದುದರಿಂದ ಯಂಗನ ಗೆಲವು ಬ್ರಿಟನ್ನಿನ ಔದಾರ್ಯಕ್ಕೆ ಸಾಕ್ಷಿಯಾಗಲಾರದು. ಐಕನನ ಸೋಲು ಅಮೆರಿಕದ ಸಂಕೋಚಕ್ಕೆ ಸಾಕ್ಷಿಯಾಗಲಾರದು. ಇನ್ನೊಂದು ಸಂಗತಿಯೂ ಇಲ್ಲಿ ಗಮನಾರ್ಹ. ಅಮೆರಿಕದ ದಕ್ಷಿಣ ಪ್ರಾಂತಗಳಲ್ಲಿ ಚರ್ಚು ಕೇವಲ ಪ್ರಾರ್ಥನಾಮಂದಿರವಲ್ಲ, ಸಂಗೀತಶಾಲೆಯೂ ಹೌದು. 2004ರಲ್ಲಿ ಗೆದ್ದ ಫ್ಯಾಂಟೇಸಿಯಾ ಬ್ಯಾರಿನೋ ಎಂಬಾಕೆಯೂ ಬಾಲ್ಯದಿಂದ ಚರ್ಚಿನಲ್ಲಿ ಹಾಡಿ ಬೆಳೆದವಳೇ. ಅಂತಹ ನಾಡಿನ ಸ್ಪರ್ಧೆಯೊಳಗೆ ಧರ್ಮವು ಮತದಾನದ ಬಾಗಿಲಿನಿಂದ ನುಸುಳಿತೆಂದು ಹೇಳುವುದು ಸರಿಯಲ್ಲ. ಅದು ಶಾರೀರದೊಡನೆಯೇ ವೇದಿಕೆಯನ್ನು ಏರಿತ್ತು.

೨

2009ರಲ್ಲಿ ಪರಿಸ್ಥಿತಿ ಬೇರೆಯಾಯಿತು. ಆ ವರ್ಷ ಕೊನೆಯಲ್ಲಿ ಉಳಿದ ಮೂವರಲ್ಲಿ ಇಬ್ಬರು ಚರ್ಚಿನಲ್ಲಿ ಆರಾಧನಾಗೀತೆಗಳನ್ನು ನಡೆಸುತ್ತಿದ್ದವರು: ಮಿಲ್ವಾಕಿಯ ಡ್ಯಾನಿ ಗೋಕಿ ಮತ್ತು ಅರ್ಕಾನ್ಸಾಸ್ ಸಂಸ್ಥಾನದ ಕಾನ್ವೇ ಎಂಬ ಊರಿನ ಕ್ರಿಸ್ ಆಲನ್. ಮೂರನೆಯವನು ಕ್ಯಾಲಿಫೋರ್ನಿಯಾದ ಸ್ಯಾನ್ ಡಿಯೇಗೋ ಪ್ರಾಂತದಲ್ಲಿ ಬೆಳೆದು ರಂಗಭೂಮಿಯಲ್ಲಿ ಪಳಗಿದ ಆಡಮ್ ಲ್ಯಾಂಬರ್ಟ್. ಇವನ ಧ್ವನಿಯ ವ್ಯಾಪ್ತಿ ಅಸಾಧಾರಣವಾದುದು. ಕಣ್ಣಿಗೆ ಕಪ್ಪು, ಉಗುರಿಗೆ ಬಣ್ಣ, ಮೈಗೆ ಚರ್ಮದ ಉಡುಪು. ಯಾರನ್ನೂ ಸುಲಭವಾಗಿ ಹೊಗಳದ ಸೈಮನ್ ಕೊವೆಲ್ ಎಂಬ ತೀರ್ಪುಗಾರನು ಒಮ್ಮೆ ಇವನ ಹಾಡಿಗೆ ಎದ್ದು ನಿಂತು ಮರ್ಯಾದೆ ಮಾಡಿದನು.

ಸ್ಪರ್ಧೆ ನಡೆಯುತ್ತಿದ್ದಾಗಲೇ ಲ್ಯಾಂಬರ್ಟನು ಪುರುಷರನ್ನು ಚುಂಬಿಸುತ್ತಿರುವ ಹಳೆಯ ಚಿತ್ರಗಳು ಹೊರಬಿದ್ದವು. ಆತನು ಅವನ್ನು ಅಲ್ಲಗಳೆಯಲಿಲ್ಲ. ತಾನು ಯಾರೆಂಬುದು ತನಗೆ ತಿಳಿದಿದೆಯೆಂಬ ಅರ್ಥದ ಮಾತನ್ನಾಡಿ ಸುಮ್ಮನಾದನು. ಆದರೆ ವಾರ್ತಾವಾಹಿನಿಗಳು ಸುಮ್ಮನಿರಲಿಲ್ಲ. ಇದು ಅವನ ಗೆಲವಿಗೆ ಅಡ್ಡಿಯಾದೀತೆ ಎಂಬ ಚರ್ಚೆ ನಡೆಯಿತು. ಹೀಗೆ ಹಾಡಿನ ಪಂದ್ಯಕ್ಕೆ ಇನ್ನೊಂದು ಪಂದ್ಯದ ಬಣ್ಣ ಬಂದಿತು.

ಮೂವರು ಉಳಿದಿದ್ದ ವಾರದಲ್ಲಿ ಬಂದ ಮತಗಳು 8 ಕೋಟಿ 80 ಲಕ್ಷ. ಮೊದಲ ಇಬ್ಬರ ನಡುವಣ ಅಂತರ 10 ಲಕ್ಷದಷ್ಟೆಂದು ವೇದಿಕೆಯಿಂದ ಸಾರಲಾಯಿತು. ಮುಂದಿದ್ದವನು ಯಾರೆಂಬುದನ್ನು ಮಾತ್ರ ಹೇಳಲಿಲ್ಲ. ಗೋಕಿ ಹೊರಬಿದ್ದನು. ಅವನನ್ನು ಮೆಚ್ಚಿದ್ದ ಧರ್ಮನಿಷ್ಠರೆಲ್ಲರೂ ಇನ್ನು ಆಲನನ ಕಡೆಗೆ ತಿರುಗುವರೆಂಬ ಊಹೆ ಹುಟ್ಟಿತು. ಆ ಊಹೆಗೆ ‘ಕ್ರೈಸ್ತ ಮತ’ ಎಂಬ ಹೆಸರೂ ಬಂದಿತು. ಆಲನನಿಗೆ ಈ ಮಾತು ಹಿಡಿಸಲಿಲ್ಲ. ಅಂತಹ ಮತ ನಿರ್ಣಾಯಕವಾಗದಿರಲಿ, ಹಾಡಿನ ಯೋಗ್ಯತೆಯನ್ನೇ ನೋಡಿ ಜನ ಆರಿಸಲಿ ಎಂದು ಅವನು ಅಂತಿಮ ಸ್ಪರ್ಧೆಗೆ ಮುಂಚೆಯೇ ಆಶಿಸಿದ್ದನು. ಸ್ಪರ್ಧೆಯ ಕಾಲದಲ್ಲಿ ಈ ಇಬ್ಬರೂ ಒಂದೇ ಕೊಠಡಿಯಲ್ಲಿ ವಾಸವಾಗಿದ್ದ ಸ್ನೇಹಿತರೆಂಬುದನ್ನು ಇಲ್ಲಿ ನೆನೆಯಬೇಕು.

ಮೇ 20ನೆಯ ದಿನ ಲಾಸ್ ಏಂಜಲಿಸ್ ನಗರದಲ್ಲಿ ಫಲಿತಾಂಶ ಹೊರಬಿದ್ದಿತು. ಹತ್ತಿರ ಹತ್ತಿರ 10 ಕೋಟಿ ಮತಗಳು ಬಂದಿದ್ದವು, ಗೆದ್ದವನು ಆಲನ್. ಗೆದ್ದವನೇ ಬೆರಗಾದನು, ಈ ಗೌರವಕ್ಕೆ ಲ್ಯಾಂಬರ್ಟನೇ ಅರ್ಹನೆಂದು ಅಲ್ಲಿಯೇ ನುಡಿದನು. ಆದರೆ ಹೊರಗೆ ವಾದ ನಿಲ್ಲಲಿಲ್ಲ. ಧರ್ಮನಿಷ್ಠರ ಅಸಹನೆಯೇ ಲ್ಯಾಂಬರ್ಟನನ್ನು ಸೋಲಿಸಿತೆಂದು ಕೆಲವರು ನೊಂದು ನುಡಿದರು. ಆಲನನ ಸೌಮ್ಯವಾದ ಹಾಡುಗಾರಿಕೆ ಜನರಿಗೆ ಹಿಡಿಸಿತು, ಅದಕ್ಕೆ ಬೇರೊಂದು ಕಾರಣವನ್ನು ಹುಡುಕುವುದೇ ಭಕ್ತರಿಗೆ ಮಾಡುವ ಅವಮಾನವೆಂದು ಬೇರೆ ಕೆಲವರು ಉತ್ತರವಿತ್ತರು.

೩

ಈ ವಾದದ ಸತ್ಯಾಸತ್ಯವನ್ನು ನಿರ್ಣಯಿಸಬೇಕಾದರೆ ಮತಗಳನ್ನು ಪಡೆದ ವಿಧಾನವನ್ನು ಅರಿಯುವುದು ಅವಶ್ಯ. ರಾಜಕೀಯ ಚುನಾವಣೆಯಲ್ಲಿ ಒಬ್ಬನಿಗೆ ಒಂದೇ ಮತ. ಇಲ್ಲಿ ಹಾಗಲ್ಲ. ಆಗ ನಿಗದಿಯಾದ ಅವಧಿಯಲ್ಲಿ ಒಬ್ಬನು ಎಷ್ಟು ಸಲ ಬೇಕಾದರೂ ಕರೆ ಮಾಡಬಹುದಾಗಿತ್ತು; ಎಷ್ಟು ಸಂದೇಶಗಳನ್ನಾದರೂ ಕಳುಹಬಹುದಾಗಿತ್ತು. ಆದುದರಿಂದ 10 ಕೋಟಿ ಮತಗಳೆಂದರೆ 10 ಕೋಟಿ ಜನರಲ್ಲ. ತನ್ನ ಮೆಚ್ಚಿನ ಗಾಯಕನಿಗಾಗಿ ಎರಡು ಗಂಟೆಗಳ ಕಾಲ ಬೆರಳು ನೋಯುವಂತೆ ಗುಂಡಿಯೊತ್ತಿದ ಹುಡುಗಿಯ ಉತ್ಸಾಹ ಒಂದು ದೊಡ್ಡ ಕುಟುಂಬದ ಅಭಿಪ್ರಾಯಕ್ಕಿಂತ ಭಾರವಾಗಿ ತೂಗುತ್ತಿತ್ತು. ಅರ್ಕಾನ್ಸಾಸಿನಲ್ಲಿ ಆಲನನ ಅಭಿಮಾನಿಗಳು ಸೇರಿದ್ದ ಎರಡು ಕೂಟಗಳಲ್ಲಿ, ಸಂದೇಶಗಳನ್ನು ಸ್ವೀಕರಿಸುತ್ತಿದ್ದ ಎ.ಟಿ. ಅಂಡ್ ಟಿ. ಕಂಪನಿಯ ನೌಕರರು ಟೆಲಿಫೋನುಗಳನ್ನು ಒದಗಿಸಿ, ಒಂದೇ ಒತ್ತಿಗೆ ಹತ್ತಾರು ಸಂದೇಶಗಳನ್ನು ಕಳುಹುವ ಬಗೆಯನ್ನು ತೋರಿಸಿಕೊಟ್ಟರೆಂಬ ವರದಿಯೂ ಆ ತಿಂಗಳ ಕೊನೆಯಲ್ಲಿ ಪ್ರಕಟವಾಯಿತು. ಇದರಿಂದ ಫಲಿತಾಂಶಕ್ಕೆ ಬಾಧಕವಿಲ್ಲವೆಂದು ಕಾರ್ಯಕ್ರಮದವರು ಹೇಳಿದರು. ಇಬ್ಬರಿಗೂ ಬಂದ ಮತಗಳೆಷ್ಟೆಂಬುದನ್ನು ಮಾತ್ರ ಅವರು ಪ್ರಕಟಿಸಲಿಲ್ಲ.

ಇದಕ್ಕಿಂತಲೂ ಮುಖ್ಯವಾದ ಸಂಗತಿ ಬೇರೊಂದುಂಟು. ಇಂತಹ ಸ್ಪರ್ಧೆಯಲ್ಲಿ ಮೆಚ್ಚುಗೆಗೆ ಮತವುಂಟು, ಒಲ್ಲದಿರುವಿಕೆಗೆ ಮತವಿಲ್ಲ. ಆದರೆ ಕಣದಲ್ಲಿ ಇಬ್ಬರೇ ಉಳಿದಾಗ ಒಬ್ಬನನ್ನು ಒಲ್ಲದವನು ಇನ್ನೊಬ್ಬನಿಗೆ ಮತವಿತ್ತು ತನ್ನ ವಿರೋಧವನ್ನು ಸಾಧಿಸಿಕೊಳ್ಳಬಹುದು. ಆಗ ಆಲನನ ಗಿಟಾರು ವಾದನವನ್ನು ಮೆಚ್ಚಿದವನ ಮತವೂ, ಲ್ಯಾಂಬರ್ಟನ ಜೀವನಕ್ರಮವನ್ನು ಹಳಿದವನ ಮತವೂ ಒಂದೇ ರಾಶಿಯಲ್ಲಿ ಒಂದೇ ಬಣ್ಣದ ಕಾಳುಗಳಾಗಿ ಬೀಳುವುವು. ಎಣಿಸುವವನಿಗೆ ಅವು ಬೇರೆ ಬೇರೆಯಾಗಿ ಕಾಣಿಸವು. ಅಂತಹ ವಿರೋಧಮತಗಳು ಬಿದ್ದಿರಬಹುದು; ಅವುಗಳ ಸಂಖ್ಯೆಯನ್ನು ಹೇಳಬಲ್ಲವರು ಯಾರೂ ಇಲ್ಲ. ಐವರು ಉಳಿದಿದ್ದ ವಾರದಲ್ಲಿ ಕಡಿಮೆ ಮತ ಪಡೆದ ಮೂವರ ಸಾಲಿನಲ್ಲಿ ಲ್ಯಾಂಬರ್ಟನ ಜೊತೆಗೆ ಆಲನನೂ ನಿಂತಿದ್ದನೆಂಬುದನ್ನು ‘ಕ್ರೈಸ್ತ ಮತ’ವನ್ನೇ ಸರ್ವಕಾರಣವೆಂದು ಹೇಳುವವರು ಮರೆಯಲಾಗದು. ಆ ಮತವು ಅಷ್ಟು ಬಲವಾಗಿ ಒಂದುಗೂಡಿದ್ದರೆ ಆ ವಾರ ಎಲ್ಲಿ ಹೋಗಿತ್ತು?

ಸ್ಪರ್ಧೆ ಮುಗಿದ ಮೇಲೆ, ಜೂನ್ ತಿಂಗಳಲ್ಲಿ, ಲ್ಯಾಂಬರ್ಟನು ‘ರೋಲಿಂಗ್ ಸ್ಟೋನ್’ ಪತ್ರಿಕೆಯ ಮುಖಾಂತರ ತಾನು ಸಲಿಂಗಪ್ರೇಮಿಯೆಂದು ಸ್ಪಷ್ಟವಾಗಿ ಹೇಳಿದನು. ನವೆಂಬರಿನಲ್ಲಿ ಒಂದು ಪುರಸ್ಕಾರ ಸಮಾರಂಭದ ವೇದಿಕೆಯಲ್ಲಿ ಹಾಡುತ್ತ ತನ್ನ ಜೊತೆಯ ವಾದ್ಯಗಾರನೊಬ್ಬನನ್ನು ಚುಂಬಿಸಿದಾಗ ಎ.ಬಿ.ಸಿ. ವಾಹಿನಿಗೆ ಸುಮಾರು 1,500 ದೂರುಗಳು ಬಂದವು. ಅದೇ ವಾಹಿನಿಯಲ್ಲಿ ಗೊತ್ತಾಗಿದ್ದ ಅವನ ಬೆಳಗಿನ ಕಾರ್ಯಕ್ರಮ ರದ್ದಾಯಿತು. ಮೇ ತಿಂಗಳಲ್ಲಿ 10 ಕೋಟಿಯ ರಾಶಿಯೊಳಗೆ ಬೇರ್ಪಡಿಸಲಾಗದೆ ಇದ್ದ ವಿರೋಧ ನವೆಂಬರಿನಲ್ಲಿ ಒಂದೂವರೆ ಸಾವಿರ ದೂರುಗಳಾಗಿ ಕಣ್ಣಿಗೆ ಬಿದ್ದಿತು. ಅಷ್ಟೇ ಸಂಖ್ಯೆ ಒಬ್ಬ ಗಾಯಕನ ಬಾಗಿಲನ್ನು ಮುಚ್ಚಲು ಸಾಕಾಯಿತು. 2012ರಲ್ಲಿ ಅವನ ಎರಡನೆಯ ಗೀತಸಂಪುಟ ಅಮೆರಿಕದ ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನವನ್ನು ಪಡೆಯಿತು. ಸಲಿಂಗಪ್ರೇಮಿಯೆಂದು ಬಹಿರಂಗವಾಗಿ ಹೇಳಿಕೊಂಡ ಪುರುಷಗಾಯಕನೊಬ್ಬನಿಗೆ ಆ ಸ್ಥಾನ ದೊರೆತುದು ಅದೇ ಮೊದಲು.

೪

ಅಮೆರಿಕದಲ್ಲಿ ಮುಚ್ಚಿಟ್ಟ ಲೆಕ್ಕ ಯೂರೋಪಿನಲ್ಲಿ ತೆರೆದು ಕಂಡಿತು. 1956ರಿಂದ ನಡೆದು ಬಂದಿರುವ ಯೂರೋವಿಷನ್ ಗೀತಸ್ಪರ್ಧೆಯಲ್ಲಿ ಒಂದೊಂದು ದೇಶವೂ ಒಂದೊಂದು ಹಾಡನ್ನು ಕಳುಹುವುದು. ಯಾವ ದೇಶವೂ ತನ್ನ ಹಾಡಿಗೆ ತಾನೇ ಮತ ಕೊಡುವಂತಿಲ್ಲ. 1998ರಲ್ಲಿ ಬಹುತೇಕ ದೇಶಗಳು ಪ್ರೇಕ್ಷಕರ ಟೆಲಿಫೋನು ಮತವನ್ನು ಸ್ವೀಕರಿಸಿದವು. ಆ ವರ್ಷವೇ ಇಸ್ರೇಲಿನ ಡಾನಾ ಇಂಟರ್‌ನ್ಯಾಷನಲ್ ಎಂಬಾಕೆ 172 ಅಂಕಗಳಿಂದ ಗೆದ್ದಳು. ಈಕೆ ಹುಟ್ಟಿನಲ್ಲಿ ಗಂಡೆಂದು ಎಣಿಸಲ್ಪಟ್ಟು ಮುಂದೆ ಹೆಣ್ಣಾಗಿ ಬಾಳಿದವಳು. ಈಕೆಯನ್ನು ದೇಶದ ಪ್ರತಿನಿಧಿಯಾಗಿ ಕಳುಹಬಾರದೆಂದು ಇಸ್ರೇಲಿನ ಕಟ್ಟಾ ಸಂಪ್ರದಾಯಸ್ಥರು ಪ್ರತಿಭಟಿಸಿದ್ದರು.

2014ರ ಮೇ 10ರಂದು ಕೋಪನ್‌ಹೇಗನ್ನಿನಲ್ಲಿ ಆಸ್ಟ್ರಿಯದ ಟಾಮ್ ನಾಯ್‌ವಿರ್ಟ್ ಎಂಬ ತರುಣನು, ಕೊಂಚಿತಾ ವುರ್ಸ್ಟ್ ಎಂಬ ಸ್ತ್ರೀಪಾತ್ರವನ್ನು ಧರಿಸಿ, ಹೆಂಗಸಿನ ನಿಲುವಂಗಿಯನ್ನುಟ್ಟು, ಗಡ್ಡವನ್ನು ಉಳಿಸಿಕೊಂಡೇ ಹಾಡಿ 290 ಅಂಕಗಳಿಂದ ಗೆದ್ದನು. ಆ ಕಾಲಕ್ಕೆ ನಿಯಮ ಬದಲಾಗಿತ್ತು. ಪ್ರತಿಯೊಂದು ದೇಶದಲ್ಲಿಯೂ ಪ್ರೇಕ್ಷಕರದು ಅರ್ಧ ಪಾಲು, ಐವರು ಸಂಗೀತಜ್ಞರದು ಅರ್ಧ ಪಾಲು. ಎರಡು ಲೆಕ್ಕಗಳೂ ಬೇರೆ ಬೇರೆಯಾಗಿ ಪ್ರಕಟವಾದವು. ರಷ್ಯಾದಲ್ಲಿ ಹಿಂದಿನ ವರ್ಷವಷ್ಟೇ ಸಲಿಂಗಪ್ರೇಮದ ಪ್ರಚಾರವನ್ನು ಬಾಲಕರಲ್ಲಿ ನಡೆಸಕೂಡದೆಂಬ ಶಾಸನ ಬಂದಿತ್ತು; ಆದರೂ ಅಲ್ಲಿಯ ಪ್ರೇಕ್ಷಕರು ಆಸ್ಟ್ರಿಯದ ಹಾಡಿಗೆ ಮೂರನೆಯ ಸ್ಥಾನವನ್ನು ಕೊಟ್ಟಿದ್ದರು. ತೀರ್ಪುಗಾರರ ಎಣಿಕೆ ಸೇರಿ ಅದು 5 ಅಂಕಗಳಿಗೆ ಇಳಿಯಿತು. ಪುರಾತನ ಕ್ರೈಸ್ತದೇಶವಾದ ಆರ್ಮೇನಿಯದಲ್ಲಿ ಪ್ರೇಕ್ಷಕರು ಎರಡನೆಯ ಸ್ಥಾನ ಕೊಟ್ಟರೆ ತೀರ್ಪುಗಾರರು ತೀರ ಕೆಳಗಿಟ್ಟರು. ಕೂಡಿ ಬಂದುದು ಸೊನ್ನೆ. ಜಾರ್ಜಿಯದಲ್ಲಿ ತೀರ್ಪುಗಾರರ ಲೆಕ್ಕ ಅಸಿಂಧುವಾಗಿ ಪ್ರೇಕ್ಷಕರದೇ ಉಳಿದುದರಿಂದ ಆ ಹಾಡಿಗೆ 10 ಅಂಕಗಳು ದೊರೆತವು. ಸಾಮಾನ್ಯ ಜನ ಸಂಕುಚಿತರು, ಬಲ್ಲವರು ಉದಾರಿಗಳು ಎಂಬ ರೂಢಿಯ ಮಾತು ಇಲ್ಲಿ ತಲೆಕೆಳಗಾಯಿತು.

ಹಾಗೆಂದು ಆ ದೇಶಗಳು ಮನಸ್ಸು ಬದಲಾಯಿಸಿದವೆಂದು ಹಿಗ್ಗುವಂತೆಯೂ ಇಲ್ಲ. ಅಂತಿಮ ಸ್ಪರ್ಧೆಯಲ್ಲಿದ್ದ ಹಾಡುಗಳು 26. ಮೆಚ್ಚಿದವರ ಮತಗಳು ಒಂದು ಕಡೆ ಸೇರಿದರೆ, ಒಲ್ಲದವರ ಮತಗಳು ಇಪ್ಪತ್ತೈದು ಕಡೆಗೆ ಹಂಚಿಹೋದವು. ಅಮೆರಿಕದಲ್ಲಿ ಇಬ್ಬರ ಕಣ ವಿರೋಧಿಗಳನ್ನು ಒಂದುಗೂಡಿಸಬಲ್ಲುದಾಗಿತ್ತು. ಯೂರೋಪಿನಲ್ಲಿ ಬಹುಜನರ ಕಣ ಅವರನ್ನು ಚದರಿಸಿತು. ಕಣದ ಆಕಾರ ಫಲವನ್ನು ರೂಪಿಸಿತು. ಹೃದಯದ ಅಳತೆ ಎರಡು ಕಡೆಯಲ್ಲಿಯೂ ಸಿಗಲಿಲ್ಲ.

ಧರ್ಮಾಧಿಕಾರಿಗಳಾದರೂ ಒಂದೇ ದನಿಯಲ್ಲಿ ನುಡಿದರೆಂದು ತಿಳಿಯಬಾರದು. ಆ ಮೇ ತಿಂಗಳಲ್ಲಿ ಸೆರ್ಬಿಯ ಮತ್ತು ಬಾಸ್ನಿಯ ದೇಶಗಳು ಪ್ರವಾಹದಲ್ಲಿ ಮುಳುಗಿದಾಗ, ಮಾಂಟೆನೆಗ್ರೊದ ಸಾಂಪ್ರದಾಯಿಕ ಚರ್ಚಿನ ಮುಖ್ಯಸ್ಥರಾಗಿದ್ದ ಆಂಫಿಲೋಹಿಯೆ ಅವರು ಅದನ್ನು ಕೊಂಚಿತಾಳ ಗೆಲವಿನೊಡನೆ ಸಂಬಂಧಗೊಳಿಸಿ, ದೈವದ ಎಚ್ಚರಿಕೆಯೆಂದರು. ವಿಯೆನ್ನಾದ ಕಾರ್ಡಿನಲ್ ಶೋನ್‌ಬೋರ್ನ್ ಅವರಾದರೋ ದೇವರ ತೋಟದಲ್ಲಿ ಬಗೆಬಗೆಯ ಬಣ್ಣಗಳುಂಟೆಂಬ ಭಾವದಿಂದ ಮಾತನಾಡಿ, ಆ ತರುಣನ ಯಶಸ್ಸಿಗೆ ಸಂತೋಷಪಟ್ಟು, ಅವನಿಗಾಗಿ ಪ್ರಾರ್ಥಿಸುವುದಾಗಿ ತಿಳಿಸಿದರು. ಇಬ್ಬರೂ ಕ್ರಿಸ್ತನನ್ನೇ ನಂಬಿದವರು.

೫

ಮತಗಣನೆ ಗೆದ್ದವನ ಹೆಸರನ್ನು ಹೇಳುತ್ತದೆ. ಮತವಿತ್ತವನ ಕಾರಣವನ್ನು ಹೇಳುವುದಿಲ್ಲ. ಈ ಸಣ್ಣ ವಿವೇಕವನ್ನು ಮರೆತಾಗ, ಸೋತವನು ತನ್ನನ್ನು ಒಂದು ದೇಶವೇ ತಿರಸ್ಕರಿಸಿತೆಂದು ಕೊರಗಬೇಕಾಗುವುದು. ಗೆದ್ದವನು ತಾನು ಮಾಡದ ದ್ವೇಷದ ಹೊರೆಯನ್ನು ಹೊರಬೇಕಾಗುವುದು. ಶ್ರದ್ಧೆಯಿಂದ ಹಾಡು ಕೇಳಿದ ಭಕ್ತರು ಸುಮ್ಮನೆ ಕಳಂಕಿತರಾಗುವರು. ದ್ವೇಷವಿಲ್ಲವೆಂದಲ್ಲ, ಅದು ಇದ್ದ ಎಡೆಯಲ್ಲಿ ರದ್ದಾದ ಕಾರ್ಯಕ್ರಮದಂತೆ, ಮುಚ್ಚಿದ ಬಾಗಿಲಿನಂತೆ, ಕೈಗೆ ಸಿಗುವ ಸಾಕ್ಷ್ಯದಿಂದ ಅದನ್ನು ಗುರುತಿಸಬೇಕು.

2009ರ ಆ ಅಂತಿಮ ರಾತ್ರಿ, ಫಲಿತಾಂಶ ಹೊರಬೀಳುವ ಮುನ್ನ, ಆಲನ್ ಮತ್ತು ಲ್ಯಾಂಬರ್ಟ್ ಇಬ್ಬರೂ ‘ಕ್ವೀನ್’ ವಾದ್ಯವೃಂದದವರೊಡನೆ ಕೂಡಿ ಹಾಡಿದರು. ಆ ವೃಂದದ ಮೂಲ ಗಾಯಕನಾದ ಫ್ರೆಡಿ ಮರ್ಕ್ಯುರಿ ಪಾರ್ಸಿ ಕುಲದಲ್ಲಿ ಹುಟ್ಟಿ, ಭಾರತದ ಪಂಚಗಣಿಯಲ್ಲಿ ಓದಿ, ಪುರುಷರನ್ನೂ ಪ್ರೀತಿಸಿ, 1991ರಲ್ಲಿ ತೀರಿಕೊಂಡಾಗ ಜರತುಷ್ಟ್ರ ಧರ್ಮದ ಪುರೋಹಿತರ ಮಂತ್ರಗಳೊಡನೆ ಬೀಳ್ಕೊಡಲ್ಪಟ್ಟವನು. ಅವನ ಹಾಡಿಗೆ ಯಾರೂ ಟೆಲಿಫೋನಿನಲ್ಲಿ ಮತ ಹಾಕಿರಲಿಲ್ಲ. ಮುಂದೆ ಆ ವೃಂದದವರು ತಮ್ಮೊಡನೆ ಹಾಡಲು ಕರೆದುಕೊಂಡುದು, ಆ ರಾತ್ರಿ ಎಣಿಕೆಯಲ್ಲಿ ಸೋತ ಲ್ಯಾಂಬರ್ಟನನ್ನು.