ಬಿಡುಗಡೆಗೆ ಕಾದ ನಾಲ್ಕು ಸ್ವರಗಳು

1865ರ ಜೂನ್ 10ರಂದು ಬವೇರಿಯಾದ ರಾಜಧಾನಿ ಮ್ಯೂನಿಕ್‌ನಲ್ಲಿ ರಿಚರ್ಡ್ ವ್ಯಾಗ್ನರ್‌ನ ‘ಟ್ರಿಸ್ಟಾನ್ ಮತ್ತು ಇಸೋಲ್ಡೆ’ ಗೀತನಾಟಕ ಮೊದಲ ಬಾರಿಗೆ ರಂಗವೇರಿತು. ಅದಕ್ಕೆ ಮುಂಚೆ ವಿಯೆನ್ನಾದ ಆಸ್ಥಾನ ರಂಗಮಂದಿರ ಎಪ್ಪತ್ತಕ್ಕೂ ಹೆಚ್ಚು ತಾಲೀಮು ನಡೆಸಿ, ಇದು ಆಗದ ಕೆಲಸವೆಂದು ಕೈಬಿಟ್ಟಿತ್ತು. ನಾಟಕದ ಪೀಠಿಕಾ ವಾದನದ ಆರಂಭದಲ್ಲೇ ಒಟ್ಟಿಗೆ ಕೇಳಿಬರುವ ನಾಲ್ಕು ಸ್ವರಗಳು ‘ಟ್ರಿಸ್ಟಾನ್ ಕಾರ್ಡ್’ ಎಂದೇ ಪ್ರಸಿದ್ಧವಾದವು.

ಪಾಶ್ಚಾತ್ಯ ಸಂಗೀತದಲ್ಲಿ ಏಕಕಾಲಕ್ಕೆ ನುಡಿಸುವ ಸ್ವರಗಳ ಗುಂಪಿಗೆ ಕಾರ್ಡ್ ಎಂದು ಹೆಸರು. ಒಂದು ಸ್ವರದಿಂದ ಹೊರಟು, ನಡುವೆ ಒಂದೊಂದನ್ನು ಬಿಟ್ಟು ನಾಲ್ಕು ಸ್ವರ ಜೋಡಿಸಿದರೆ ಕೊನೆಯದು ಮೊದಲನೆಯದರಿಂದ ಏಳನೆಯದಾಗುತ್ತದೆ. ಅದೇ ಸೆವೆಂತ್ ಕಾರ್ಡ್. ಟ್ರಿಸ್ಟಾನ್ ಕಾರ್ಡ್ ಕಿವಿಗೆ ಕೇಳುವುದು ಇದರ ‘ಹಾಫ್ ಡಿಮಿನಿಶ್ಡ್’ ಎಂಬ ಬಗೆಯಂತೆ. ಹಾರ್ಮೋನಿಯಂ ಇದ್ದವರು ಈ ಬಗೆಯನ್ನು ನುಡಿಸಿ ನೋಡಬಹುದು. ಬಿಳಿ ಒಂದನ್ನು ಷಡ್ಜವಾಗಿಟ್ಟುಕೊಂಡು ಮಂದ್ರ ನಿಷಾದ, ಅದರ ಮೇಲಿನ ರಿಷಭ, ಮಧ್ಯಮ, ಧೈವತಗಳನ್ನು ಒಮ್ಮೆಗೇ ಒತ್ತಬೇಕು. ನಾಲ್ಕೂ ಬಿಳಿ ಮನೆಗಳೇ. ನಿಷಾದದಿಂದ ಮಧ್ಯಮಕ್ಕಿರುವ ಅಂತರ ಷಡ್ಜ-ಪಂಚಮದ ಅಂತರಕ್ಕಿಂತ ಅರ್ಧ ಸ್ವರದಷ್ಟು ಕುಗ್ಗಿದೆ. ಆದ್ದರಿಂದಲೇ ನಾದ ಮಾತು ಅರ್ಧಕ್ಕೆ ನಿಂತಂತೆ ತೂಗಾಡುತ್ತದೆ. ಕೂಡಲೇ ಸ-ಗ-ಪಗಳನ್ನು ಒಟ್ಟಿಗೆ ನುಡಿಸಿದರೆ ಮನೆ ಸೇರಿದ ನೆಮ್ಮದಿ.

ಈ ಕಾರ್ಡ್ ವ್ಯಾಗ್ನರ್ ಕಂಡುಹಿಡಿದದ್ದೇನಲ್ಲ, ಹಿಂದಿನವರೂ ಬಳಸಿದ್ದರು. ಆದರೆ ತಳಮಳ ಹುಟ್ಟಿಸಿದ ಕಾರ್ಡ್ ಬೇಗನೆ ನೆಮ್ಮದಿಯ ಕಾರ್ಡಿಗೆ ಇಳಿಯಬೇಕೆಂಬುದು ಅಂದಿನ ರೂಢಿ. ವ್ಯಾಗ್ನರ್ ಅದನ್ನು ಇನ್ನೊಂದು ತಳಮಳದ ಕಾರ್ಡಿಗೆ ಒಯ್ದು, ಅಲ್ಲೇ ವಾದ್ಯಗಳನ್ನು ಸುಮ್ಮನಾಗಿಸಿದ. ಕೂಡಿ ಬಾಳಲಾಗದ ಪ್ರೇಮಿಗಳ ಹಂಬಲವನ್ನು ಹೇಳಲು ಅವನಿಗೆ ಆ ಅತೃಪ್ತಿಯೇ ಬೇಕಿತ್ತು. ಸುಮಾರು ನಾಲ್ಕು ಗಂಟೆಗಳ ಸಂಗೀತದ ಕೊನೆಗೆ, ಟ್ರಿಸ್ಟಾನ್‌ನ ಶವದ ಮೇಲೆ ಇಸೋಲ್ಡೆ ಕುಸಿದಾಗಲಷ್ಟೇ ಆ ಕಾರ್ಡಿಗೆ ಬಿಡುಗಡೆ ದೊರೆಯುತ್ತದೆ.

ಈ ಕಾರ್ಡನ್ನು ಯಾವ ವರ್ಗಕ್ಕೆ ಸೇರಿಸಬೇಕೆಂಬ ಬಗ್ಗೆ ವಿದ್ವಾಂಸರಲ್ಲಿ ಇಂದಿಗೂ ಒಮ್ಮತವಿಲ್ಲ. ಅದು ಕೇಳುಗನಲ್ಲಿ ಹುಟ್ಟಿಸುವ ಭಾವವಾದರೋ ಮುಂದೆ ಬರುವ ಸ್ವರಗಳನ್ನು ಅವಲಂಬಿಸಿದೆ. ಫ್ರಾನ್ಸಿನ ಕ್ಲಾಡ್ ಡೆಬ್ಯೂಸಿ 1908ರಲ್ಲಿ ಪ್ರಕಟವಾದ ‘ಚಿಲ್ಡ್ರನ್ಸ್ ಕಾರ್ನರ್’ ಎಂಬ ಪಿಯಾನೊ ಕೃತಿಗುಚ್ಛದ ಕೊನೆಯ ರಚನೆಯಲ್ಲಿ ಟ್ರಿಸ್ಟಾನ್‌ನ ಅದೇ ಆರಂಭವನ್ನು ತಂದು, ಅದರ ಬೆನ್ನಿಗೇ ಕಿಸಕ್ಕನೆ ನಕ್ಕಂತೆ ಕೇಳುವ ಸ್ವರಗಳನ್ನಿಟ್ಟ. ಮ್ಯೂನಿಕ್‌ನಲ್ಲಿ ಸಾವಿನವರೆಗೆ ಕಾದಿದ್ದ ಹಂಬಲ ಇಲ್ಲಿ ಮಕ್ಕಳ ಆಟವಾಯಿತು.